ಹಳದಿ ಲಕೋಟೆಯ ಮೇಲಿನ ತಾರೀಖು

ನಮ್ಮ ಕಚೇರಿಗೆ ಟ್ರಾಫಿಕ್ ದಂಡದ ಕಾಗದ ಹಿಡಿದು ಬರುವವರು ಮೊದಲು ಕೇಳುವುದು, "ಎಷ್ಟು ಕಟ್ಟಬೇಕು ಸರ್?" ಎಂದು. ನಾನು ಮೊದಲು ಕೇಳುವುದು, "ಲಕೋಟೆ ಎಲ್ಲಿ?" ಎಂದು. ಒಳಗಿನ ಕಾಗದವನ್ನು ಜೋಪಾನವಾಗಿ ತಂದಿರುತ್ತಾರೆ. ಲಕೋಟೆ ಮಾತ್ರ ಕಸದ ಬುಟ್ಟಿಗೆ ಹೋಗಿರುತ್ತದೆ. ಜರ್ಮನಿಯಲ್ಲಿ ಅರ್ಧ ಕೇಸು ಆ ಲಕೋಟೆಯಲ್ಲೇ ಇರುತ್ತದೆ.

ನಾನು ಇಲ್ಲಿ ಕೋರ್ಟಿನ ದುಭಾಷಿಯಾಗಿ ಕೆಲಸ ಶುರು ಮಾಡಿದವನು. ಈಗ ಒಂದು ವಕೀಲರ ಕಚೇರಿಯಲ್ಲಿ ಹೊರದೇಶದಿಂದ ಬಂದವರ ಕಡತ ನೋಡಿಕೊಳ್ಳುತ್ತೇನೆ. ವೇಗವಾಗಿ ಓಡಿಸಿ ಕೆಟ್ಟವರಿಗಿಂತ, ಕಾಗದವನ್ನು ಮೇಜಿನ ಮೇಲೆ ಬಿಟ್ಟು ಕೆಟ್ಟವರನ್ನೇ ನಾನು ಜಾಸ್ತಿ ನೋಡಿದ್ದೇನೆ.

ಇಲ್ಲಿ ಪೊಲೀಸರು ಕೈ ಅಡ್ಡ ಹಾಕಿ ನಿಲ್ಲಿಸುವುದು ಕಡಿಮೆ. ರಸ್ತೆ ಬದಿಯ ಕ್ಯಾಮೆರಾ ಒಮ್ಮೆ ಮಿಂಚುತ್ತದೆ. ಅದಕ್ಕೆ 'ಬ್ಲಿಟ್ಸರ್' ಅನ್ನುತ್ತಾರೆ. ಆಮೇಲೆ ಕೆಲವು ವಾರ ಏನೂ ಇಲ್ಲ. ಮರೆತೇಹೋದ ಮೇಲೆ ಅಂಚೆ ಬರುತ್ತದೆ.

ತಪ್ಪು ಸಣ್ಣದಾದರೆ ಬರುವುದು 'ಫೆರ್‌ವಾರ್ನುಂಗ್', ಅಂದರೆ ಎಚ್ಚರಿಕೆ. ಮೊತ್ತ 55 ಯೂರೋ ದಾಟುವುದಿಲ್ಲ. ಊರೊಳಗೆ 10 ಕಿ.ಮೀ. ತನಕ ಹೆಚ್ಚು ವೇಗ ಹೋಗಿದ್ದರೆ 30 ಯೂರೋ. ಒಂದು ವಾರದೊಳಗೆ ಕಟ್ಟಿದರೆ ವಿಷಯ ಅಲ್ಲಿಗೆ ಮುಗಿಯಿತು. ಹೆಚ್ಚಾದರೆ ಲೈಸೆನ್ಸಿಗೇ ಕುತ್ತು ತರುವ ಪಾಯಿಂಟ್ ಇಲ್ಲ, ದಾಖಲೆ ಇಲ್ಲ. ಕಟ್ಟದಿದ್ದರೆ ಅದೇ ಪ್ರಕರಣ ದೊಡ್ಡ ದಂಡದ ದಾರಿಗೆ ಹತ್ತುತ್ತದೆ. ಆಗ ಶುಲ್ಕ 25 ಯೂರೋ, ಅಂಚೆ ಖರ್ಚು 3.50 ಯೂರೋ ಸೇರಿಕೊಳ್ಳುತ್ತವೆ. 30 ಇದ್ದದ್ದು 58.50 ಆಗುತ್ತದೆ. ಛಲಕ್ಕೆ ಬಿದ್ದು ಹೀಗೆ ಕಟ್ಟಿದವರು ನಮ್ಮಲ್ಲಿ ಕಮ್ಮಿ ಇಲ್ಲ. ಅಲ್ಲಿ ಕಾರು ನಿಲ್ಲಿಸಿರಲೇ ಇಲ್ಲ, ನಂಬರೇ ನನ್ನದಲ್ಲ ಅನ್ನುವಂತಿದ್ದರೆ ಬೇರೆ ಮಾತು. ಇಲ್ಲದಿದ್ದರೆ ಸುಮ್ನೆ ಕಟ್ಟಿಬಿಡಿ.

ತಪ್ಪು ಅದಕ್ಕಿಂತ ದೊಡ್ಡದಾದರೆ ಮೊದಲು ಒಂದು ಪ್ರಶ್ನೆಪತ್ರ ಬರುತ್ತದೆ. ಹೆಸರು 'ಆನ್‌ಹ್ಯೋರುಂಗ್ಸ್‌ಬೋಗನ್'. ಉಚ್ಚರಿಸಲು ನನಗೂ ತಿಂಗಳುಗಳೇ ಬೇಕಾದವು. ಇಂಥ ದಿನ, ಇಂಥ ಜಾಗದಲ್ಲಿ, ಈ ಕಾರು ಇಷ್ಟು ವೇಗದಲ್ಲಿತ್ತು, ನಿಮ್ಮ ಮಾತೇನು ಎಂದು ಕೇಳುವ ಕಾಗದ ಇದು. ದಂಡ ಇನ್ನೂ ಬಿದ್ದಿಲ್ಲ. ಆದರೆ ನಮ್ಮ ಜನ ಎಡವುವುದು ಇಲ್ಲೇ. ಖಾಲಿ ಜಾಗ ಕಂಡರೆ ವಿವರಣೆ ಬರೆಯಬೇಕು ಅನ್ನಿಸುತ್ತದೆ. ಒಬ್ಬರು ಎರಡು ಪುಟ ಬರೆದಿದ್ದರು. ಮಗುವಿಗೆ ಜ್ವರ ಇತ್ತು, ರಸ್ತೆ ಖಾಲಿ ಇತ್ತು, ಬೋರ್ಡು ಕಾಣಲಿಲ್ಲ, 75 ದಾಟಿರಲಿಲ್ಲ ಎಂದೆಲ್ಲ. ಕರುಣೆ ಹುಟ್ಟಿಸುವ ಪತ್ರವೇ. ಆದರೆ ಅಧಿಕಾರಿ ಅದರಲ್ಲಿ ಓದಿಕೊಂಡದ್ದು ಎರಡೇ ವಿಷಯ. ಕಾರು ಓಡಿಸಿದವರು ಇವರೇ, ವೇಗ ಮೀರಿದ್ದೂ ನಿಜ.

ಆ ಕಾಗದದಲ್ಲಿ ಎರಡು ಭಾಗ ಇರುತ್ತದೆ. ಹೆಸರು, ವಿಳಾಸ, ಹುಟ್ಟಿದ ತಾರೀಖು ಇವನ್ನು ಸರಿಯಾಗಿ ಕೊಡಲೇಬೇಕು. ಕೊಡದಿದ್ದರೆ ಅದೇ ಇನ್ನೊಂದು ತಪ್ಪಾಗುತ್ತದೆ. ಘಟನೆಯ ಬಗ್ಗೆ ಹೇಳುವುದು ಮಾತ್ರ ನಿಮ್ಮ ಇಷ್ಟ. ಏನೂ ಬರೆಯದೆ ಬಿಟ್ಟರೆ ಅದನ್ನು ನಿಮ್ಮ ವಿರುದ್ಧ ಬಳಸುವಂತಿಲ್ಲ. ಗೊಂದಲ ಇದ್ದರೆ ಆ ಭಾಗ ಖಾಲಿ ಇರಲಿ.

ಇನ್ನೊಂದು ಮಾತು ಕೇಳಿದರೆ ಹೊಸಬರಿಗೆ ಆಶ್ಚರ್ಯವಾಗುತ್ತದೆ. ಓಡುತ್ತಿದ್ದ ಕಾರಿನ ತಪ್ಪಿಗೆ ಇಲ್ಲಿ ಹೊಣೆ ಓಡಿಸಿದವರದು, ಕಾರಿನ ಮಾಲೀಕರದಲ್ಲ. ಹಾಗಾಗಿಯೇ ಫೋಟೋದಲ್ಲಿ ಮುಖ ಕಾಣಬೇಕು. "ಸರ್, ಕಾರು ನನ್ನ ಹೆಸರಲ್ಲಿದೆ, ಫೋಟೋದಲ್ಲಿರೋದು ನನ್ನ ಹೆಂಡತಿ, ಏನು ಮಾಡೋದು?" ಎಂದು ಒಬ್ಬರು ಪಿಸುದನಿಯಲ್ಲಿ ಕೇಳಿದ್ದರು. ಪಿಸುಗುಟ್ಟುವಂಥದ್ದೇನೂ ಇಲ್ಲ. ಹತ್ತಿರದ ಸಂಬಂಧಿಕರ ವಿರುದ್ಧ ಹೇಳಿಕೆ ಕೊಡದೆ ಇರುವ ಹಕ್ಕು ಕಾನೂನಿನಲ್ಲೇ ಇದೆ. ಆಗ ಅಧಿಕಾರಿಗಳು ತಾವೇ ಹುಡುಕಬೇಕು. ಗುರುತಿನ ದಾಖಲೆಯ ಫೋಟೋ ತರಿಸಿ ಹೋಲಿಸುತ್ತಾರೆ, ಕೆಲವೊಮ್ಮೆ ಪೊಲೀಸರು ಮನೆ ಬಾಗಿಲಿಗೂ ಬರುತ್ತಾರೆ. ತಪ್ಪು ನಡೆದು ಸಾಮಾನ್ಯವಾಗಿ 3 ತಿಂಗಳೊಳಗೆ ಓಡಿಸಿದವರ ಮೇಲೇ ಕ್ರಮ ಶುರುವಾಗದಿದ್ದರೆ ಪ್ರಕರಣ ಸತ್ತಂತೆ. ಆದರೆ ಓಡಿಸಿದವರು ಸಿಗಲಿಲ್ಲ ಅಂದರೆ, ಮುಂದೆ ಪ್ರತಿ ಪ್ರಯಾಣವನ್ನೂ ಪುಸ್ತಕದಲ್ಲಿ ಬರೆದಿಡಿ ಎಂದು ಮಾಲೀಕರಿಗೆ ಆದೇಶ ಬರಬಹುದು. ಅದು ಎಂಥ ಕಿರಿಕಿರಿ ಎಂದು ಅನುಭವಿಸಿದವರಿಗೇ ಗೊತ್ತು.

ಸುಮ್ಮನಿರುವುದು ಬೇರೆ, ಸುಳ್ಳು ಹೇಳುವುದು ಬೇರೆ. "ಕೆಲಸ ಬಿಟ್ಟು ಊರಿಗೆ ಹೋದ ಗೆಳೆಯನ ಹೆಸರು ಬರೆದುಬಿಡಲಾ?" ಎಂದು ಕೇಳುವವರಿದ್ದಾರೆ. ಬೇಡ. ಗೊತ್ತಿದ್ದೂ ಬೇರೆಯವರ ಮೇಲೆ ತಪ್ಪು ಹೊರಿಸಿದರೆ ಅದು ಟ್ರಾಫಿಕ್ ದಂಡದ ವಿಷಯವಾಗಿ ಉಳಿಯುವುದಿಲ್ಲ. ಕ್ರಿಮಿನಲ್ ಕೇಸಿನ ತನಕ ಹೋಗಬಹುದು.

ಈಗ ಹಳದಿ ಲಕೋಟೆಗೆ ಬರೋಣ. ನಿಜವಾದ ದಂಡದ ಆದೇಶಕ್ಕೆ 'ಬುಸ್‌ಗೆಲ್ಟ್‌ಬೆಶೈಡ್' ಎಂದು ಹೆಸರು. ಅದನ್ನು ಸಾಮಾನ್ಯವಾಗಿ ಹಳದಿ ಲಕೋಟೆಯಲ್ಲಿ ಕಳಿಸುತ್ತಾರೆ. ನೀವು ಸಹಿ ಹಾಕಬೇಕಾಗಿಲ್ಲ, ಮನೆಯಲ್ಲಿ ಇರಬೇಕಾಗಿಯೂ ಇಲ್ಲ. ಅಂಚೆಯವರು ಲಕೋಟೆಯ ಮೇಲೆ ತಾರೀಖು ಬರೆದು ಪೆಟ್ಟಿಗೆಗೆ ಹಾಕಿದರೆ ಸಾಕು, ಕಾನೂನಿನ ಲೆಕ್ಕದಲ್ಲಿ ಅದು ನಿಮ್ಮ ಕೈ ಸೇರಿದೆ. ಅಲ್ಲಿಂದ ಎರಡು ವಾರ. ಆಕ್ಷೇಪಣೆಯನ್ನು ಇಲ್ಲಿ 'ಐನ್‌ಷ್ಪ್ರುಖ್' ಅನ್ನುತ್ತಾರೆ. ಅದು ಎರಡು ವಾರದೊಳಗೆ ಆದೇಶ ಕಳಿಸಿದ ಕಚೇರಿಯನ್ನು ತಲುಪಿರಬೇಕು. ನೀವು ಅಂಚೆಗೆ ಹಾಕಿದ ದಿನ ಲೆಕ್ಕಕ್ಕಿಲ್ಲ, ಅವರಿಗೆ ಮುಟ್ಟಿದ ದಿನವೇ ಲೆಕ್ಕ. ಕಾರಣ ಬರೆಯಬೇಕೆಂದೂ ಇಲ್ಲ. "ಇಂಥ ನಂಬರಿನ ಆದೇಶಕ್ಕೆ ನನ್ನ ಆಕ್ಷೇಪಣೆ ಇದೆ" ಎಂಬ ಒಂದು ಸಾಲು, ಕೆಳಗೆ ಸಹಿ. ಜರ್ಮನ್ ಭಾಷೆಯಲ್ಲಿ ಬರೆಯಿರಿ. ಬರೀ ಇಮೇಲ್ ನಂಬಿ ಕೂರಬೇಡಿ. ನಾವು ಫ್ಯಾಕ್ಸ್ ಮಾಡುತ್ತೇವೆ. ಹೌದು, ಫ್ಯಾಕ್ಸ್. ಜರ್ಮನಿಯಲ್ಲಿ ಅದಕ್ಕೆ ಇನ್ನೂ ಸಾವು ಬಂದಿಲ್ಲ.

ಈ ಎರಡು ವಾರವನ್ನು ಕಳೆದುಕೊಳ್ಳುವುದು ಬಲು ಸುಲಭ. ನಾನೇ ಕಳೆದುಕೊಂಡಿದ್ದೇನೆ. ಬೇಸಿಗೆ ರಜೆ ಮುಗಿಸಿ ಬಂದಾಗ ಲಕೋಟೆಗೆ 17 ದಿನ ವಯಸ್ಸಾಗಿತ್ತು. ಪರರಿಗೆ ಹೇಳುವ ಬುದ್ಧಿ ನನಗೆ ಒದಗಲಿಲ್ಲ. ಅದೃಷ್ಟಕ್ಕೆ ಒಂದು ದಾರಿ ಇದೆ. ನಿಮ್ಮ ತಪ್ಪಿಲ್ಲದೆ ಗಡುವು ಮೀರಿದ್ದರೆ ಮೊದಲಿನ ಸ್ಥಿತಿಗೆ ಮರಳಿಸಿ ಎಂದು ಕೇಳಬಹುದು. ಅಡ್ಡಿ ನಿವಾರಣೆಯಾದ ಮೇಲೆ ಒಂದು ವಾರದೊಳಗೆ ಕೇಳಬೇಕು, ಆಕ್ಷೇಪಣೆಯನ್ನೂ ಜೊತೆಗೇ ಕೊಡಬೇಕು. ವಿಮಾನದ ಟಿಕೆಟ್ಟು ಇಟ್ಟುಕೊಂಡಿದ್ದರಿಂದ ನಾನು ಬಚಾವಾದೆ.

"ನನಗೆ ಜರ್ಮನ್ ಬರಲ್ಲ, ಅದಕ್ಕೇ ತಡವಾಯ್ತು" ಅಂದರೆ ನಡೆಯುತ್ತದಾ? ಇದಕ್ಕೆ ಕಾರ್ಲ್ಸ್‌ರೂಹದ ಸಂವಿಧಾನ ನ್ಯಾಯಾಲಯ 1975ರಲ್ಲೇ ಉತ್ತರ ಕೊಟ್ಟಿದೆ. ಭಾಷೆ ಸಾಕಷ್ಟು ಬಾರದ ವಿದೇಶಿಗೆ, ಆಕ್ಷೇಪಣೆಯ ಹಕ್ಕನ್ನು ಅರ್ಥವಾಗುವ ಹಾಗೆ ತಿಳಿಸದೆ ಆದೇಶ ಕೊಟ್ಟಿದ್ದರೆ, ಭಾಷೆಯಿಂದಾಗಿ ಗಡುವು ತಪ್ಪಿದ್ದನ್ನು ಅವರ ತಪ್ಪೆಂದು ಎಣಿಸುವಂತಿಲ್ಲ ಎಂದಿತು. ಜನ ಇಷ್ಟನ್ನೇ ಕೇಳಿಸಿಕೊಂಡು ಖುಷಿಪಡುತ್ತಾರೆ. ಮರುವರ್ಷ ಅದೇ ಕೋರ್ಟು ಇನ್ನೊಂದು ಮಾತು ಸೇರಿಸಿತು. ಇದೇನೋ ಸರ್ಕಾರದ ಮುಖ್ಯ ಕಾಗದ ಎಂದು ಗೊತ್ತಾಗುವಂತಿದ್ದರೆ ಅದನ್ನು ಓದಿಸಿಕೊಳ್ಳುವ ಪ್ರಯತ್ನವನ್ನು ನೀವು ಮಾಡಬೇಕು. ಫೋನಿನಲ್ಲೇ ಅನುವಾದ ಸಿಗುವ ಈ ಕಾಲದಲ್ಲಿ, "ಅರ್ಥವಾಗಲಿಲ್ಲ, ಮೂಲೆಗಿಟ್ಟೆ" ಅನ್ನುವ ನೆಪಕ್ಕೆ ನಾನಂತೂ ಭರವಸೆ ಕೊಡುವುದಿಲ್ಲ.

ದುಭಾಷಿಯ ಖರ್ಚಿನ ಕಥೆ ಇನ್ನೂ ಚೆನ್ನಾಗಿದೆ. 1978ರಲ್ಲಿ ಓಜ್‌ತುರ್ಕ್ ಎಂಬ ಟರ್ಕಿಯ ಕೆಲಸಗಾರರ ಕಾರು ಬಾಡ್ ವಿಂಪ್ಫೆನ್ ಎಂಬ ಊರಿನಲ್ಲಿ ನಿಂತಿದ್ದ ಇನ್ನೊಂದು ಕಾರಿಗೆ ತಗುಲಿತು. ದಂಡ ಆಗಿನ ಜರ್ಮನ್ ದುಡ್ಡಿನಲ್ಲಿ 60 ಮಾರ್ಕ್. ಅವರು ಆಕ್ಷೇಪಿಸಿದರು. ಕೋರ್ಟಿನಲ್ಲಿ ದುಭಾಷಿಯ ಮೂಲಕ ಮಾತಾಡಿ, ಕೊನೆಗೆ ಆಕ್ಷೇಪಣೆ ಹಿಂತೆಗೆದುಕೊಂಡರು. ಆಮೇಲೆ ದುಭಾಷಿಯ ಬಿಲ್ಲು ಬಂತು, 63 ಮಾರ್ಕ್ 90 ಫೆನಿಗ್. ದಂಡಕ್ಕಿಂತ ಜಾಸ್ತಿ! ಆ ಬಿಲ್ಲು ಸ್ಟ್ರಾಸ್‌ಬರ್ಗಿನ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯದ ತನಕ ಹೋಯಿತು. ಇದು ಅಪರಾಧವಲ್ಲ, ಬರೀ ನಿಯಮ ಮೀರಿದ ಸಣ್ಣ ವಿಷಯ, ಹಾಗಾಗಿ ಪುಕ್ಕಟೆ ದುಭಾಷಿಯ ಹಕ್ಕು ಅನ್ವಯಿಸದು ಎಂದು ಜರ್ಮನಿ ವಾದಿಸಿತು. 1984ರ ಫೆಬ್ರವರಿ 21ರಂದು ನ್ಯಾಯಾಲಯ ಓಜ್‌ತುರ್ಕ್ ಪರ ತೀರ್ಪು ಕೊಟ್ಟಿತು. ಇವತ್ತು ಇಂಥ ಕೇಸಿನಲ್ಲಿ ಕೋರ್ಟಿನ ಮುಂದೆ ನಿಲ್ಲುವ ಭಾಷೆ ಬಾರದವರು ದುಭಾಷಿಯ ಖರ್ಚಿನ ಬಗ್ಗೆ ಹೆದರಬೇಕಾಗಿಲ್ಲ. ನನ್ನ ಮೊದಲ ಸಂಬಳಗಳ ಹಿಂದೆ ಆ 63 ಮಾರ್ಕಿನ ಜಗಳ ಇತ್ತು ಎಂದು ನನಗೆ ಗೊತ್ತಾದದ್ದು ಬಹಳ ತಡವಾಗಿ.

ಹಾಗಂತ ಎಲ್ಲದಕ್ಕೂ ಆಕ್ಷೇಪಿಸಬೇಕಾ? ಇಲ್ಲ. ಊರೊಳಗೆ 21 ಕಿ.ಮೀ. ಹೆಚ್ಚು ಹೋದರೆ 115 ಯೂರೋ, ಜೊತೆಗೆ ಒಂದು ಪಾಯಿಂಟ್. 31 ಮುಟ್ಟಿದರೆ 260 ಯೂರೋ, ಎರಡು ಪಾಯಿಂಟ್, ಮೇಲೆ ಒಂದು ತಿಂಗಳು ಕಾರು ಓಡಿಸುವಂತಿಲ್ಲ. ಕೆಂಪು ದೀಪ ಬಿದ್ದು ಒಂದು ಸೆಕೆಂಡಿಗಿಂತ ಹೆಚ್ಚಾದ ಮೇಲೆ ದಾಟಿದರೂ ಒಂದು ತಿಂಗಳ ನಿಷೇಧ ಇದೆ. ಪಾಯಿಂಟುಗಳೆಲ್ಲ ಫ್ಲೆನ್ಸ್‌ಬುರ್ಗ್ ಎಂಬ ಊರಿನ ದಾಖಲೆಗೆ ಸೇರುತ್ತವೆ. ಎಂಟಾದರೆ ಲೈಸೆನ್ಸ್ ಹೋಯಿತು. ಬರೀ ದುಡ್ಡಿನ ವಿಷಯವಾದರೆ ವಕೀಲರ ಫೀಸು ದಂಡಕ್ಕಿಂತ ದುಬಾರಿ ಬೀಳುತ್ತದೆ. ಇದನ್ನು ವಕೀಲರ ಕಚೇರಿಯಲ್ಲೇ ಕೂತು ಹೇಳುತ್ತಿದ್ದೇನೆ. ಕಾರು ಇಲ್ಲದೆ ಕೆಲಸಕ್ಕೆ ಹೋಗಲಾಗದವರು ಒಂದು ತಿಂಗಳ ನಿಷೇಧದ ಬಾಗಿಲಲ್ಲಿ ನಿಂತಿದ್ದರೆ ಮಾತ್ರ ನಾವು ಕಡತ ತರಿಸಿ ನೋಡುತ್ತೇವೆ. ಫೋಟೋ, ಅಳತೆಯ ದಾಖಲೆ, ಯಂತ್ರವನ್ನು ಪರೀಕ್ಷಿಸಿದ ಸರ್ಟಿಫಿಕೇಟ್ ಎಲ್ಲ ಅದರಲ್ಲಿರುತ್ತದೆ. ಏನೂ ಸಿಗದಿದ್ದರೆ ಆಕ್ಷೇಪಣೆ ಹಿಂಪಡೆಯಬಹುದು. ಹಟ ಹಿಡಿದು ವಿಚಾರಣೆಗೆ ಹೋದರೆ ಕೋರ್ಟು ದಂಡವನ್ನು ಏರಿಸಲೂಬಹುದು ಎಂಬುದು ನೆನಪಿರಲಿ.

ಕಟ್ಟದೆ ಕೂತರೆ? ಕೋರ್ಟು ಒತ್ತಾಯದ ಬಂಧನಕ್ಕೆ ಆದೇಶ ಕೊಡಬಹುದು, ಒಂದು ದಂಡಕ್ಕೆ ಹೆಚ್ಚೆಂದರೆ 6 ವಾರ. ತಮಾಷೆ ಏನೆಂದರೆ, ಒಳಗೆ ಕೂತು ಬಂದರೂ ದಂಡ ಹಾಗೇ ಉಳಿದಿರುತ್ತದೆ. ಕೈಯಲ್ಲಿ ದುಡ್ಡಿಲ್ಲದವರು ಹೆದರಿ ಮುಚ್ಚಿಡುವ ಬದಲು ಕಂತಿನಲ್ಲಿ ಕಟ್ಟುತ್ತೇನೆ ಎಂದು ಬರೆದು ಕೇಳಬೇಕು. ಸಾಮಾನ್ಯವಾಗಿ ಒಪ್ಪುತ್ತಾರೆ.

ವೀಸಾ ಚಿಂತೆ ಎಲ್ಲರಿಗೂ ಇರುತ್ತದೆ. ಸಾಧಾರಣ ಟ್ರಾಫಿಕ್ ದಂಡ ಇಲ್ಲಿ ಅಪರಾಧವಲ್ಲ. ಪೊಲೀಸ್ ನಡತೆ ಪ್ರಮಾಣಪತ್ರದಲ್ಲಿ ಬರುವುದೂ ಇಲ್ಲ. ಹೆದರಬೇಕಾದದ್ದು ಬೇರೆಯದಕ್ಕೆ. ಯುರೋಪ್ ಒಕ್ಕೂಟದ ಹೊರಗಿನ ಲೈಸೆನ್ಸಿನಲ್ಲಿ, ಇಲ್ಲಿ ನೆಲೆಸಿದ ಮೇಲೆ 6 ತಿಂಗಳು ಮಾತ್ರ ಓಡಿಸಬಹುದು. ಭಾರತದ ಲೈಸೆನ್ಸಿಗೂ ಅದೇ ಲೆಕ್ಕ. ಆಮೇಲೆ ಬರೆಯುವ ಪರೀಕ್ಷೆ, ಓಡಿಸುವ ಪರೀಕ್ಷೆ ಎರಡನ್ನೂ ಪಾಸು ಮಾಡಬೇಕು. "ಹದಿನೈದು ವರ್ಷದಿಂದ ಓಡಿಸ್ತಿದೀನಿ" ಅಂದರೆ ಯಾರೂ ಕೇಳುವುದಿಲ್ಲ. ಏಳನೇ ತಿಂಗಳಲ್ಲಿ ಸಿಕ್ಕಿಬಿದ್ದರೆ ಅದು ಲೈಸೆನ್ಸ್ ಇಲ್ಲದೆ ಓಡಿಸಿದ ಕ್ರಿಮಿನಲ್ ಅಪರಾಧ. ಒಂದು ವರ್ಷದ ತನಕ ಜೈಲಿನ ಅವಕಾಶ ಕಾನೂನಿನಲ್ಲಿದೆ. ವೀಸಾ, ಪೌರತ್ವದ ಅರ್ಜಿಯಲ್ಲಿ ಕಾಡುವುದು ಇಂಥದ್ದು.

ಸೂಪರ್‌ಮಾರ್ಕೆಟ್ಟಿನ ಮುಂದೆ ಗಾಜಿಗೆ ಸಿಕ್ಕಿಸಿ ಹೋಗುವ ಚೀಟಿ ಹೆಚ್ಚಾಗಿ ಪೊಲೀಸರದ್ದಲ್ಲ, ಆ ಜಾಗ ನೋಡಿಕೊಳ್ಳುವ ಖಾಸಗಿ ಕಂಪನಿಯದ್ದು. ಅದಕ್ಕೆ ಪಾಯಿಂಟ್ ಇಲ್ಲ, ಆದರೆ ಕಡೆಗಣಿಸಿದರೆ ವಸೂಲಿಯವರ ಪತ್ರ ಬರುತ್ತದೆ. ಇಮೇಲ್‌ನಲ್ಲಿ ಲಿಂಕ್ ಕಳಿಸಿ ಕಾರ್ಡ್ ನಂಬರ್ ಕೇಳುವ 'ದಂಡ' ಕಂಡರೆ ಒತ್ತಲೇಬೇಡಿ.

ಹೋದ ತಿಂಗಳು ಹಳೆಯ ಕಕ್ಷಿದಾರರೊಬ್ಬರು ಬಂದರು. ಈ ಸಲ ಹಳದಿ ಲಕೋಟೆ ಕೈಯಲ್ಲೇ ಇತ್ತು. ನನಗೆ ಸಂತೋಷವಾಯಿತು. "ನೀವು ಬಿಸಾಡಬೇಡಿ ಅಂದಿದ್ರಲ್ಲ ಸರ್, ಅದಕ್ಕೆ ಒಡೆದೇ ಇಲ್ಲ" ಎಂದು ಮೇಜಿನ ಮೇಲಿಟ್ಟರು. ಮೇಲಿದ್ದ ತಾರೀಖು ನೋಡಿದೆ. ಅವತ್ತಿಗೆ ಹದಿಮೂರು ದಿನ. ನಾನು ಎದ್ದು ಫ್ಯಾಕ್ಸ್ ಮೆಷಿನ್ನಿನ ಸ್ವಿಚ್ಚು ಹಾಕಿದೆ.