ರೋಡ್ ಸೈಕಲ್ ಓಡಿಸಿದರೆ ಕೈ ಜೋಮು, ಕುತ್ತಿಗೆ ನೋವು: ಹ್ಯಾಂಡಲ್ ಎತ್ತರಿಸಿದರೆ ಸಾಕಾ?

ಪ್ರಶ್ನೆ: ಹೊಸದಾಗಿ ರೋಡ್ ಸೈಕಲ್ ತಗೊಂಡಿದ್ದೇನೆ. ಮೊದಲ ಹತ್ತು ಹದಿನೈದು ಕಿಲೋಮೀಟರ್ ಚೆನ್ನಾಗಿರುತ್ತದೆ. ಆಮೇಲೆ ಕಿರುಬೆರಳು, ಉಂಗುರ ಬೆರಳು ಜೋಮು ಹಿಡಿಯುತ್ತವೆ, ಕುತ್ತಿಗೆ ಬಿಗಿಯುತ್ತದೆ. ಸೀಟು ಮುಂದಕ್ಕೆ ತಳ್ಳಿ ಹ್ಯಾಂಡಲ್ ಎತ್ತರ ಮಾಡಿಸು ಅಂತ ಸ್ನೇಹಿತರು ಹೇಳುತ್ತಾರೆ. ಮಾಡಿಸಲಾ?

ಉತ್ತರ: ಹ್ಯಾಂಡಲ್ ಎತ್ತರಿಸಬೇಕಾಗಬಹುದು, ಆದರೆ ಅದು ಕೊನೆಯ ಕೆಲಸ. ಸೀಟು ಮುಂದಕ್ಕೆ ತಳ್ಳುವುದನ್ನಂತೂ ದಯವಿಟ್ಟು ಈಗಲೇ ಮಾಡಬೇಡಿ. ನೋವು ಕೈಯಲ್ಲಿ ಕಾಣಿಸಿಕೊಂಡರೂ ಅದರ ಮೂಲ ಬಹಳ ಸಲ ಸೀಟಿನಲ್ಲಿರುತ್ತದೆ. ಇದನ್ನು ಮಾತಿನಲ್ಲಿ ಒಪ್ಪಿಕೊಳ್ಳುವುದಕ್ಕಿಂತ ಮನೆಯಲ್ಲೇ ಒಂದು ಸಲ ಮಾಡಿ ನೋಡುವುದು ಒಳ್ಳೆಯದು.

ಹಿಮ್ಮಡಿ ಗೋಡೆಗೆ ತಾಗುವ ಹಾಗೆ, ಗೋಡೆಗೆ ಬೆನ್ನು ಮಾಡಿ ನಿಂತುಕೊಳ್ಳಿ. ಈಗ ಬಗ್ಗಿ ಕಾಲ ಹೆಬ್ಬೆರಳು ಮುಟ್ಟಲು ನೋಡಿ. ಅರ್ಧ ಬಗ್ಗುವಷ್ಟರಲ್ಲೇ ಮುಗ್ಗರಿಸುತ್ತೀರಿ. ಗೋಡೆಯಿಂದ ಒಂದು ಹೆಜ್ಜೆ ಮುಂದೆ ಬಂದು ಬಗ್ಗಿದರೆ ಏನೂ ತೊಂದರೆ ಇಲ್ಲ, ಆರಾಮಾಗಿ ಬಗ್ಗುತ್ತೀರಿ. ತಲೆ, ಎದೆ ಮುಂದಕ್ಕೆ ಹೋದಷ್ಟೂ ಸೊಂಟ ಹಿಂದಕ್ಕೆ ಸರಿದು ತೂಕ ಪಾದದ ಮೇಲೆ ನಿಲ್ಲಬೇಕು. ಗೋಡೆ ಅದಕ್ಕೆ ಜಾಗ ಕೊಡಲಿಲ್ಲ. ಸೈಕಲ್ ಮೇಲೂ ಇದೇ ನಡೆಯುತ್ತದೆ. ಸೀಟು ತೀರಾ ಮುಂದಿದ್ದರೆ ಸೊಂಟಕ್ಕೆ ಹಿಂದೆ ಹೋಗಲು ಜಾಗವಿಲ್ಲ. ಮೈ ಮುಂದಕ್ಕೆ ವಾಲುತ್ತದೆ, ಆ ತೂಕವನ್ನು ಅಂಗೈ ಹೊರುತ್ತದೆ. ಅಂಗೈಯ ಹೊರಬದಿ, ಅಂದರೆ ಕಿರುಬೆರಳಿನ ಕೆಳಗಿನ ಉಬ್ಬಿದ ಭಾಗದ ಒಳಗೆ ಅಲ್ನಾರ್ ಅನ್ನುವ ನರ ಹೋಗುತ್ತದೆ. ಅದು ಬಹಳ ಹೊತ್ತು ಒತ್ತಿಹೋದರೆ ಕಿರುಬೆರಳು ಮತ್ತು ಪಕ್ಕದ ಉಂಗುರ ಬೆರಳು ಜೋಮು ಹಿಡಿಯುತ್ತವೆ. ನೀವು ಹೇಳಿದ ಬೆರಳುಗಳು ಅವೇ. ಜೋಮು ಹೆಬ್ಬೆರಳು, ತೋರುಬೆರಳಲ್ಲಿ ಬಂದರೆ ಅದು ಬೇರೆ ನರ. ಆಗ ಮಣಿಕಟ್ಟು ಹಿಂದಕ್ಕೆ ಮಡಚಿಕೊಂಡು ಓಡಿಸುತ್ತಿದ್ದೀರಾ ಅಂತ ಮೊದಲು ನೋಡಬೇಕು.

ಇನ್ನೊಂದು ಸೂಚನೆಯೂ ಇದೆ. ಬೆಂಗಳೂರಿನಿಂದ ನಂದಿ ಬೆಟ್ಟಕ್ಕೆ ಹೋಗಿ ಬರುವವರನ್ನು ಕೇಳಿ. ಬೆಟ್ಟ ಹತ್ತುವಾಗ ಕೈಗೆ ಏನೂ ಆಗಿರುವುದಿಲ್ಲ. ವಾಪಸ್ ಬಳ್ಳಾರಿ ರಸ್ತೆಯಲ್ಲಿ ಸುಮ್ನೆ ಕಾಲಾಡಿಸಿಕೊಂಡು ಬರುವಾಗ ಜೋಮು ಶುರುವಾಗುತ್ತದೆ. ಜೋರಾಗಿ ತುಳಿಯುವಾಗ ಕಾಲಿನ ಒತ್ತಡವೇ ಮೇಲಿನ ಮೈಯನ್ನು ಸ್ವಲ್ಪ ಎತ್ತಿ ಹಿಡಿಯುತ್ತದೆ. ತುಳಿತ ಸಡಿಲವಾದ ಕೂಡಲೇ ಆ ಭಾರ ಕೈಗೆ ಇಳಿಯುತ್ತದೆ. ನಿಮಗೂ ಹೀಗೇ ಆಗುತ್ತಿದ್ದರೆ ಸೀಟಿನ ಕಡೆಗೇ ನೋಡಿ.

ಮೊದಲು ಎತ್ತರ. ಸೀಟಿನ ಎತ್ತರ ಸರಿಯಿಲ್ಲದೆ ಬೇರೆ ಯಾವುದನ್ನೂ ಮುಟ್ಟಬಾರದು. ಅಳೆಯುವುದು ಸುಲಭ. ಬರಿಗಾಲಲ್ಲಿ ಗೋಡೆಗೆ ಬೆನ್ನು ಕೊಟ್ಟು ನಿಲ್ಲಿ. ಗಟ್ಟಿ ರಟ್ಟಿನ ಪುಸ್ತಕವೊಂದನ್ನು ತೊಡೆಸಂದಿಗೆ ಇಟ್ಟು, ಸೀಟಿನ ಮೇಲೆ ಕೂತಾಗ ಒತ್ತುವಷ್ಟೇ ಬಿಗಿಯಾಗಿ ಮೇಲಕ್ಕೆ ಒತ್ತಿ. ಪುಸ್ತಕದ ಒಂದು ಅಂಚು ಗೋಡೆಗೆ ಪೂರ್ತಿ ತಾಗಿರಲಿ, ಓರೆಯಾಗುವುದು ಬೇಡ. ಮೇಲಿನ ಅಂಚಿಗೆ ಪೆನ್ಸಿಲ್ ಗುರುತು ಹಾಕಿ, ನೆಲದಿಂದ ಅಲ್ಲಿಗೆ ಟೇಪ್ ಹಿಡಿಯಿರಿ. 80 ಸೆಂ.ಮೀ. ಬಂತು ಅಂದುಕೊಳ್ಳಿ. ಅದನ್ನು 0.883ರಿಂದ ಗುಣಿಸಿದರೆ 70.6. ಕ್ರ್ಯಾಂಕ್, ಅಂದರೆ ಪೆಡಲ್ ಕೂರಿಸಿರುವ ತೋಳು, ತಿರುಗುವ ನಟ್ಟನಡುವಿನಿಂದ ಸೀಟಿನ ಮೇಲ್ಮೈಗೆ, ಸೀಟು ಪೈಪಿನ ಸಾಲಿನಲ್ಲೇ, ಅಷ್ಟಿರಬೇಕು. ಈ ಲೆಕ್ಕ ಫ್ರಾನ್ಸಿನ ಕೋಚ್ ಸಿರಿಲ್ ಗಿಮಾರ್ ಅವರ ತಂಡದಿಂದ ಬಂದದ್ದು. ಅಲ್ಲಿ ಓಡಿಸುತ್ತಿದ್ದ, ಮುಂದೆ 1986ರಲ್ಲಿ ಟೂರ್ ದ ಫ್ರಾನ್ಸ್ ಸೈಕಲ್ ರೇಸ್ ಗೆದ್ದ ಅಮೆರಿಕದ ಗ್ರೆಗ್ ಲೆಮಾಂಡ್ ಹೆಸರಲ್ಲಿ ಪ್ರಸಿದ್ಧವಾಯಿತು. 1967ರಲ್ಲಿ ಇಂಗ್ಲೆಂಡಿನಲ್ಲಿ ಹ್ಯಾಮ್ಲಿ ಮತ್ತು ಥಾಮಸ್ ಅನ್ನುವ ಸಂಶೋಧಕರು ಬೇರೆ ದಾರಿಯಲ್ಲಿ ಹೋದರು. ಕಾಲಿನ ಅಳತೆಯ ಶೇಕಡಾ 109ರಷ್ಟು, ಕೆಳಗಿರುವ ಪೆಡಲಿನಿಂದ ಸೀಟಿನವರೆಗೆ. 80 ಸೆಂ.ಮೀ. ಕಾಲಿಗೆ ಅದು 87.2. ಅದರಲ್ಲಿ 17 ಸೆಂ.ಮೀ. ಕ್ರ್ಯಾಂಕ್ ಕಳೆದರೆ 70.2. ಎರಡು ಲೆಕ್ಕಕ್ಕೂ ಅರ್ಧ ಸೆಂಟಿಮೀಟರ್ ಕೂಡ ವ್ಯತ್ಯಾಸವಿಲ್ಲ, ನೋಡಿ.

ಆದರೂ ಇದು ಶುರು ಮಾಡುವ ಜಾಗ ಮಾತ್ರ. ಪಾದ ಉದ್ದ ಇರುವವರು, ದಪ್ಪ ಅಟ್ಟೆಯ ಶೂ ಹಾಕುವವರು, ಹಿಮ್ಮಡಿ ಇಳಿಸಿ ತುಳಿಯುವವರು ಎಲ್ಲರಿಗೂ ಒಂದೇ ಸಂಖ್ಯೆ ಹೊಂದುವುದಿಲ್ಲ. ಹಿಂದಿನಿಂದ ಯಾರಾದರೂ ಫೋನಲ್ಲಿ ವಿಡಿಯೋ ಮಾಡಲಿ. ತುಳಿಯುವಾಗ ಸೊಂಟ ಎಡಕ್ಕೆ ಬಲಕ್ಕೆ ಅಲ್ಲಾಡುತ್ತಿದ್ದರೆ ಸೀಟು ಎತ್ತರವಾಯಿತು. ಮಂಡಿಯ ಮುಂಭಾಗ ನೋಯುತ್ತಿದ್ದರೆ ಬಹುಶಃ ತಗ್ಗಾಯಿತು. ಮಂಡಿಯ ಹಿಂಭಾಗ ನೋಯುತ್ತಿದ್ದರೆ ಎತ್ತರ ಜಾಸ್ತಿ, ಇಲ್ಲವೇ ಸೀಟು ತೀರಾ ಹಿಂದಿದೆ. ಸೀಟು ಎತ್ತರವಾದವರು ಪೆಡಲ್ ಎಟುಕಲೆಂದು ತಮಗೇ ಗೊತ್ತಿಲ್ಲದೆ ಸೀಟಿನ ಮೂತಿಗೆ ಜಾರುತ್ತಾರೆ. ಅಲ್ಲಿಂದ ಕೈ ಮೇಲೆ ಭಾರ ಬೀಳುವುದು ಶುರು. 3 ಮಿ.ಮೀ. ಬದಲಾವಣೆ ಕೂಡ ಗೊತ್ತಾಗುತ್ತದೆ, ಹಾಗಾಗಿ ಸ್ವಲ್ಪ ಸ್ವಲ್ಪವೇ ಇಳಿಸಿ. ಬಿಚ್ಚುವ ಮೊದಲು ಈಗಿನ ಎತ್ತರಕ್ಕೆ ಸೀಟ್‌ಪೋಸ್ಟಿಗೆ ಇನ್ಸುಲೇಷನ್ ಟೇಪ್ ಸುತ್ತಿ ಗುರುತು ಮಾಡಿಟ್ಟುಕೊಳ್ಳಿ.

ಆಮೇಲೆ ಸೀಟು ಹಿಂದೆ ಮುಂದೆ. ಕ್ರ್ಯಾಂಕ್ ಅಡ್ಡ ನಿಂತಾಗ ಮುಂದಿನ ಮಂಡಿಯಿಂದ ದಾರ ಇಳಿಬಿಟ್ಟರೆ ಅದು ಪೆಡಲಿನ ಅಚ್ಚಿನ ಮೇಲೆ ಬೀಳಬೇಕು ಅನ್ನುವ ನಿಯಮ ಎಲ್ಲ ಅಂಗಡಿಯಲ್ಲೂ ಕೇಳಿಸುತ್ತದೆ. ಶುರು ಮಾಡಲು ಅಡ್ಡಿಯಿಲ್ಲ. ಅದನ್ನೇ ಕೊನೆಯ ಮಾತು ಅಂತ ಹಿಡಿದುಕೊಳ್ಳಬಾರದು. ಮಂಡಿ ಪೆಡಲಿನ ನೇರಕ್ಕೇ ಇರಬೇಕೆನ್ನಲು ಬಲವಾದ ಕಾರಣ ಏನೂ ಇಲ್ಲ. ತೂಕ ಎಲ್ಲಿ ನಿಲ್ಲುತ್ತದೆ ಅನ್ನುವುದು ನಿಜವಾದ ಪ್ರಶ್ನೆ. ನನಗೆ ನಂಬಿಕೆ ಇರುವ ಪರೀಕ್ಷೆ ಬೇರೆ. ವಾಹನವಿಲ್ಲದ ಸಮತಟ್ಟು ರಸ್ತೆಯಲ್ಲಿ, ಅಥವಾ ಮನೆಯಲ್ಲೇ ಸೈಕಲ್ ನಿಲ್ಲಿಸಿ ತುಳಿಯುವ ಟ್ರೈನರ್ ಸ್ಟ್ಯಾಂಡ್ ಮೇಲೆ, ಮಧ್ಯಮ ಜೋರಿನಲ್ಲಿ ತುಳಿಯುತ್ತಾ ಬ್ರೇಕ್ ಹಿಡಿಯ (ಲಿವರ್ ಕೂತಿರುವ ರಬ್ಬರ್ ಹೊದಿಕೆಯ ಭಾಗದ) ಮೇಲಿನ ಕೈಯನ್ನು ಒಂದು ಕ್ಷಣ ಹಗುರ ಮಾಡಿ. ಪೂರ್ತಿ ಬಿಡುವುದು ಬೇಡ, ಬೆರಳು ತಾಗಿಯೇ ಇರಲಿ. ಮೈ ಧೊಪ್ಪನೆ ಮುಂದಕ್ಕೆ ಬಿತ್ತಾ? ಹಾಗಿದ್ದರೆ ಸೀಟನ್ನು 5 ಮಿ.ಮೀ. ಹಿಂದಕ್ಕೆ ಸರಿಸಿ ಮತ್ತೆ ನೋಡಿ. ಹಿಂದಕ್ಕೆ ಸರಿಸಿದರೆ ಸೀಟು ಪೆಡಲಿನಿಂದಲೂ ದೂರವಾಗುತ್ತದೆ, 1 ಸೆಂ.ಮೀ.ಗೆ ಸುಮಾರು 3 ಮಿ.ಮೀ. ಲೆಕ್ಕ. ಅಷ್ಟನ್ನು ಎತ್ತರದಲ್ಲಿ ಇಳಿಸಿ.

ಹ್ಯಾಂಡಲ್ ದೂರ ಆಯಿತು ಅಂತ ಸೀಟು ಮುಂದಕ್ಕೆ ತಂದರೆ ಏನಾಗುತ್ತದೆ ಅನ್ನುವುದು ಈಗ ನಿಮಗೇ ಗೊತ್ತಾಗಿರಬೇಕು. ಕೈಗೆ ಹತ್ತಿರವಾಯಿತು ಅಂತ ಒಂದು ದಿನ ಹಿತ ಅನ್ನಿಸುತ್ತದೆ. ತೂಕ ಮಾತ್ರ ಇನ್ನಷ್ಟು ಮುಂದಕ್ಕೆ ಬಂತು. ಸೀಟು ಪೆಡಲಿನ ಲೆಕ್ಕಕ್ಕೆ, ಹ್ಯಾಂಡಲ್ ಸೀಟಿನ ಲೆಕ್ಕಕ್ಕೆ. ಕ್ರಮ ತಿರುಗಿಸಿದರೆ ಎರಡೂ ಕೆಡುತ್ತವೆ.

ಸೀಟಿನ ಓರೆಯೂ ಮುಖ್ಯ. ಒತ್ತುತ್ತದೆ ಅಂತ ಮೂತಿಯನ್ನು ಜಾಸ್ತಿ ಕೆಳಕ್ಕೆ ಬಾಗಿಸುವವರು ತುಂಬಾ ಜನ. ಬಾಗಿದ ಸೀಟಲ್ಲಿ ಮೈ ಜಾರುತ್ತಲೇ ಇರುತ್ತದೆ, ಜಾರದಂತೆ ಕೈ ತಳ್ಳುತ್ತಲೇ ಇರಬೇಕು. ಗಾರೆ ಕೆಲಸದವರ ರಸಮಟ್ಟ, ಇಲ್ಲದಿದ್ದರೆ ಫೋನಿನಲ್ಲೇ ಇರುವ ರಸಮಟ್ಟವನ್ನು ಸೀಟಿನ ಉದ್ದಕ್ಕೆ ಇಟ್ಟು ನೋಡಿ. ಮಟ್ಟವಾಗಿರಲಿ, ಬೇಕಾದರೆ ಒಂದೆರಡು ಡಿಗ್ರಿ ಕೆಳಕ್ಕೆ, ಸಾಕು. ಆದರೂ ಒತ್ತುತ್ತಿದ್ದರೆ ಸೀಟಿನ ಅಗಲ ನಿಮಗೆ ಹೊಂದಿಲ್ಲ. ಗಟ್ಟಿ ಮೆಟ್ಟಿಲ ಮೇಲೆ ರಟ್ಟಿನ ಡಬ್ಬದ ತುಂಡು ಹಾಕಿ, ಸ್ವಲ್ಪ ಮುಂದಕ್ಕೆ ಬಗ್ಗಿ ಕೂತು ಎದ್ದರೆ ಎರಡು ಮೂಳೆಗಳ ಗುಳಿ ಮೂಡಿರುತ್ತದೆ. ಅವುಗಳ ನಡುವಿನ ದೂರಕ್ಕೆ ಸುಮಾರು 2 ಸೆಂ.ಮೀ. ಸೇರಿಸಿದ ಅಗಲದ ಸೀಟು ಹುಡುಕಿ. ಜೆಲ್ ಕವರ್ ಹಾಕಬೇಡಿ. ಮೂಳೆ ಜೆಲ್ಲಿನೊಳಗೆ ಮುಳುಗಿ ನಡುವಿನ ಮೆತ್ತನೆಯ ಭಾಗಕ್ಕೇ ಒತ್ತಡ ಬೀಳುತ್ತದೆ. ಆ ಭಾಗ ಮರಗಟ್ಟುತ್ತಿದ್ದರೆ, ಗಂಡಸಾಗಲಿ ಹೆಂಗಸಾಗಲಿ, ಅಭ್ಯಾಸ ಆದರೆ ಸರಿಹೋಗುತ್ತದೆ ಅಂತ ಸಹಿಸಿಕೊಳ್ಳಬಾರದು. ಅಂಗಡಿಯವರ ಹತ್ತಿರ ಸಂಕೋಚಪಡದೆ ಹೇಳಿ.

ಈಗ ಹ್ಯಾಂಡಲ್‌ಗೆ ಬನ್ನಿ. ಬ್ರೇಕ್ ಹಿಡಿಯ ಮೇಲೆ ಕೈ ಇಟ್ಟಾಗ ಮೊಣಕೈ ಸ್ವಲ್ಪ ಬಾಗಿರಬೇಕು, ಭುಜ ಕಿವಿಯ ಹತ್ತಿರಕ್ಕೆ ಏರಿರಬಾರದು. ಮೊಣಕೈ ನೆಟ್ಟಗೆ ಬಿಗಿದುಕೊಂಡಿದ್ದರೆ ರಸ್ತೆಯ ಪ್ರತಿ ಹೊಡೆತವೂ ನೇರವಾಗಿ ಭುಜಕ್ಕೆ, ಕುತ್ತಿಗೆಗೆ ಹೋಗುತ್ತದೆ. ಹ್ಯಾಂಡಲನ್ನು ಸೈಕಲ್ಲಿಗೆ ಜೋಡಿಸುವ ತುಂಡು, ಅಂದರೆ ಸ್ಟೆಮ್, ಬದಲಿಸುವ ಮೊದಲು ತಿರುಗಿಸಿ ನೋಡಿ, ಅದಕ್ಕೆ ದುಡ್ಡು ಬೇಡ. ಸುಮಾರು ರೋಡ್ ಸೈಕಲ್‌ಗಳ ಸ್ಟೆಮ್ 6 ಡಿಗ್ರಿ ಕೆಳಮುಖವಾಗಿರುತ್ತದೆ. 100 ಮಿ.ಮೀ. ಸ್ಟೆಮ್ಮನ್ನು ತಲೆಕೆಳಗು ಮಾಡಿ ಹಾಕಿದರೆ ಹ್ಯಾಂಡಲ್ ಸುಮಾರು 2 ಸೆಂ.ಮೀ. ಮೇಲೇರುತ್ತದೆ, 6 ಮಿ.ಮೀ. ಹತ್ತಿರವೂ ಬರುತ್ತದೆ. ಸ್ಟೆಮ್ ಮೇಲುಗಡೆ ಸ್ಪೇಸರ್ (ಬಳೆಯಂಥ ಬಿಲ್ಲೆ) ಇದ್ದರೆ ಅದನ್ನು ಕೆಳಕ್ಕೆ ಹಾಕಬಹುದು. ಅದೂ ಸಾಲದಿದ್ದರೆ 90 ಅಥವಾ 80 ಮಿ.ಮೀ. ಸ್ಟೆಮ್. ವೈರುಗಳೆಲ್ಲ ಸ್ಟೆಮ್ ಒಳಗಿಂದ ಹೋಗುವ ಹೊಸ ಮಾದರಿಯಾದರೆ ಇದಕ್ಕೆ ಕೈ ಹಾಕಬೇಡಿ, ಮೆಕ್ಯಾನಿಕ್ ಮಾಡಲಿ.

ಕುಳ್ಳಗಿರುವವರು, ಅದರಲ್ಲೂ ಹೆಣ್ಣುಮಕ್ಕಳು, ಹ್ಯಾಂಡಲಿನ ಅಗಲವನ್ನು ಅಳೆಯಲೇಬೇಕು. ಭುಜದ ಎರಡು ತುದಿ ಮೂಳೆಗಳ ನಡುವೆ 36 ಸೆಂ.ಮೀ. ಇರುವವರಿಗೆ 42ರ ಹ್ಯಾಂಡಲ್ ಕೊಟ್ಟರೆ ಕೈ ಅಗಲವಾಗಿ ಚಾಚಿಕೊಂಡು ಭುಜದ ನಡುವೆ ಉರಿ ಶುರುವಾಗುತ್ತದೆ. ಸೈಕಲ್ ಕೊಳ್ಳುವಾಗಲೇ ಬದಲಿಸಿಕೊಡಿ ಅಂತ ಕೇಳಿ, ಕೇಳಿದರೆ ಒಪ್ಪುವ ಅಂಗಡಿಗಳಿವೆ. ಬೆರಳು ಚಿಕ್ಕದಾದರೆ ಬ್ರೇಕ್ ಲಿವರನ್ನು ಹತ್ತಿರ ತರುವ ಸಣ್ಣ ಸ್ಕ್ರೂ ಇರುತ್ತದೆ. ಅದು ಇರುವುದು ಎಷ್ಟೋ ಜನಕ್ಕೆ ಗೊತ್ತೇ ಇಲ್ಲ.

ಕುತ್ತಿಗೆಯ ವಿಷಯದಲ್ಲಿ ಇನ್ನೊಂದನ್ನು ನೋಡಿ. ಹೆಲ್ಮೆಟ್ ಹಣೆಯ ಮೇಲೆ ಇಳಿದಿದೆಯಾ? ಅದರ ಮುಂದೆ ಟೋಪಿಯ ಹಾಗೆ ಚಾಚು ಇದೆಯಾ? ಕನ್ನಡಕ ಬೆವರಿಗೆ ಜಾರಿ, ಫ್ರೇಮಿನ ಮೇಲಂಚು ಕಣ್ಣಿಗೆ ಅಡ್ಡ ಬರುತ್ತಿದೆಯಾ? ಇವೆಲ್ಲವೂ ರಸ್ತೆ ನೋಡಲು ತಲೆಯನ್ನು ಇನ್ನೂ ಎರಡು ಬೆರಳು ಮೇಲೆತ್ತಿಸುತ್ತವೆ. ಎರಡು ಗಂಟೆ ಹಾಗೆ ಎತ್ತಿ ಹಿಡಿದ ಕುತ್ತಿಗೆ ನೋಯದೆ ಇರುತ್ತದಾ? ಚಾಚು ಬಿಚ್ಚಿ, ಕನ್ನಡಕಕ್ಕೆ ದಾರ ಕಟ್ಟಿ, ಆಮೇಲೆ ಸ್ಟೆಮ್ ಬಗ್ಗೆ ಯೋಚಿಸಿ.

ಟೈರ್ ಗಾಳಿಯೂ ಕೈಯನ್ನು ಕಾಡುತ್ತದೆ. 23 ಮಿ.ಮೀ. ಟೈರಿನ ಕಾಲದ 110, 120 ಪಿಎಸ್ಐ ಅಭ್ಯಾಸ ಇನ್ನೂ ಹೋಗಿಲ್ಲ. 65-70 ಕೆಜಿ ತೂಕದವರು ಟ್ಯೂಬ್ ಇರುವ 28 ಮಿ.ಮೀ. ಟೈರಿಗೆ 75ರ ಆಸುಪಾಸು ಹಾಕಿ ನೋಡಿ, ಕೈಗೆ ಬರುವ ನಡುಕ ಎಷ್ಟು ಕಮ್ಮಿಯಾಗುತ್ತದೆ ಅಂತ. ತೀರಾ ಇಳಿಸಿದರೆ ಗುಂಡಿಗೆ ಬಿದ್ದಾಗ ಟ್ಯೂಬ್ ರಿಮ್ಮಿಗೆ ಸಿಕ್ಕಿ ಪಂಕ್ಚರ್ ಆಗುತ್ತದೆ.

ಒಂದು ಸಲಕ್ಕೆ ಒಂದೇ ಬದಲಾವಣೆ. ಎರಡು ಮೂರು ರೈಡ್ ಮಾಡಿ, ಆಮೇಲೆ ಮುಂದಿನದು. ಅಳತೆಗಳನ್ನು ಬರೆದಿಡಿ. ಮೈ ಬದಲಾದಾಗ ಅಳತೆಯೂ ಬದಲಾಗುತ್ತದೆ, ಅದು ತಪ್ಪೇನಲ್ಲ. ಬೆಲ್ಜಿಯಂನ ಎಡ್ಡಿ ಮರ್ಕ್ಸ್ 1969ರಲ್ಲಿ ಬ್ಲ್ವಾ ಊರಿನ ಟ್ರ್ಯಾಕಿನಲ್ಲಿ ಬಿದ್ದು ಸೊಂಟಕ್ಕೆ ಪೆಟ್ಟು ಮಾಡಿಕೊಂಡ ಮೇಲೆ ಸೀಟಿನ ಎತ್ತರ ಬದಲಿಸುತ್ತಲೇ ಇರುತ್ತಿದ್ದರು, ರೇಸಿನ ನಡುವೆ ಕೂಡ. ಐದು ಸಲ ಟೂರ್ ಗೆದ್ದವರಿಗೇ ಹಾಗೆ.

ಬಿಗಿಮಾಡುವಾಗ ಎಚ್ಚರ ಇರಲಿ. ಸ್ಟೆಮ್ ಬಿಚ್ಚಿ ಹಾಕುವಾಗ ಮೊದಲು ಮೇಲಿನ ಮುಚ್ಚಳದ ಬೋಲ್ಟನ್ನು ಆಟವಿಲ್ಲದಷ್ಟು ಮಾತ್ರ ಬಿಗಿಮಾಡಿ, ಆಮೇಲೆ ಪಕ್ಕದ ಬೋಲ್ಟ್‌ಗಳನ್ನು ಒಂದಾದ ಮೇಲೊಂದು ಸ್ವಲ್ಪ ಸ್ವಲ್ಪವೇ ಬಿಗಿಮಾಡುತ್ತಾ ಬನ್ನಿ. ಎಷ್ಟು ಬಿಗಿ ಬೇಕು ಅಂತ ಸ್ಟೆಮ್ ಮೇಲೇ ಬರೆದಿರುತ್ತದೆ, ಸಾಮಾನ್ಯವಾಗಿ 5 ನ್ಯೂಟನ್ ಮೀಟರ್ ಆಸುಪಾಸು. ಕಾರ್ಬನ್ ಭಾಗ ಇದ್ದರೆ ಟಾರ್ಕ್ ರೆಂಚ್ (ಬಿಗಿ ಅಳೆದು ತೋರಿಸುವ ಪಾನಾ) ಇಲ್ಲದೆ ಮುಟ್ಟಬೇಡಿ. ಸೀಟ್‌ಪೋಸ್ಟ್ ಮೇಲೆ ಕೊರೆದಿರುವ ಕನಿಷ್ಠ ಗೆರೆ ಹೊರಗೆ ಕಾಣುವಷ್ಟು ಎತ್ತಬಾರದು.

ಸೈಕಲನ್ನು ಮೈ ಅಳತೆಗೆ ಹೊಂದಿಸಿಕೊಡುವ, ಅಂದರೆ ಫಿಟ್ಟಿಂಗ್ ಮಾಡುವವರ ಹತ್ತಿರ ಹೋಗಬೇಕಾ ಅಂತ ಮುಂದೆ ಕೇಳುತ್ತೀರಿ. ಇಷ್ಟೆಲ್ಲ ಮಾಡಿಯೂ ನೋವು ಹೋಗದಿದ್ದರೆ ಹೋಗಿ, ಆ ದುಡ್ಡು ದಂಡವಲ್ಲ. ಎರಡು ಕಾಲಿನ ಉದ್ದದಲ್ಲಿ ವ್ಯತ್ಯಾಸ ಇರುವವರಿಗೆ, ಕ್ಲೀಟ್ (ಶೂವನ್ನು ಪೆಡಲಿಗೆ ಸಿಕ್ಕಿಸುವ ತುಂಡು) ಹಾಕಿ ಮಂಡಿ ನೋಯುವವರಿಗೆ ಅವರ ಕಣ್ಣು ಬೇಕೇ ಬೇಕು. ಹ್ಯಾಂಡಲ್ ಎಟುಕಿಸಲು 70 ಮಿ.ಮೀ.ಗಿಂತ ಚಿಕ್ಕ ಸ್ಟೆಮ್ ಬೇಕಾಗುತ್ತಿದೆ ಅಂದರೆ ಫ್ರೇಮೇ ನಿಮಗೆ ದೊಡ್ಡದು. ಅದನ್ನು ಯಾವ ಫಿಟ್ಟಿಂಗೂ ಸರಿಮಾಡದು, ಮಾರಿ ಒಂದು ಸೈಜ್ ಚಿಕ್ಕದು ತಗೊಳ್ಳಿ. ಇನ್ನು ಬೆರಳ ಜೋಮು ಸೈಕಲ್ ಇಳಿದ ಮೇಲೂ ದಿನಗಟ್ಟಲೆ ಉಳಿದರೆ, ಅಥವಾ ಅಂಗಿಯ ಗುಂಡಿ ಹಾಕಲು ಬೆರಳಿಗೆ ಬಲ ಸಾಲದಿದ್ದರೆ, ಅಲೆನ್ ಕೀ ಪಕ್ಕಕ್ಕಿಟ್ಟು ಡಾಕ್ಟರ ಹತ್ತಿರ ಹೋಗಿ, ಅವರು ಹೇಳುವ ತನಕ ಸೈಕಲ್ ಹತ್ತಬೇಡಿ.