ಎಡಗಾಲಿನ ಪಾಠ: ಗೇರ್ ಕಾರು ಕಲಿಯುವವರಿಗೂ ಕಲಿಸುವವರಿಗೂ

ಹದಿನೆಂಟು ತುಂಬಿ ಕಾರು ಕಲಿಯಲು ಹೊರಟವರ ಗಮನವೆಲ್ಲ ಸ್ಟೀರಿಂಗ್ ಮೇಲಿರುತ್ತದೆ. ಸ್ಟೀರಿಂಗ್ ಬೇಗ ಒಲಿಯುತ್ತದೆ, ಸತಾಯಿಸುವುದು ಕ್ಲಚ್. ತುಮಕೂರಿನಲ್ಲಿ ಅಕ್ಕನ ಮಗಳಿಗೆ ಕಲಿಸುವಾಗ ಬರೆದುಕೊಟ್ಟ ಟಿಪ್ಪಣಿಯನ್ನು ಇಲ್ಲಿ ಬಿಡಿಸಿ ಬರೆದಿದ್ದೇನೆ.

ಮೊದಲು ಕಾನೂನು. ಮೋಟಾರು ವಾಹನ ಕಾಯ್ದೆ, 1988ರ 4ನೇ ಸೆಕ್ಷನ್ ಪ್ರಕಾರ 18 ತುಂಬದವರು ಸಾರ್ವಜನಿಕ ಸ್ಥಳದಲ್ಲಿ ಕಾರು ಓಡಿಸುವಂತಿಲ್ಲ. ಪಿಯುಸಿ ಪಾಸಾದ ಖುಷಿಗೆ 17ರ ಮಗನ ಕೈಗೆ ಕೀಲಿ ಕೊಡುವ ಅಪ್ಪಂದಿರು 2019ರ ತಿದ್ದುಪಡಿಯಲ್ಲಿ ಬಂದ 199ಎ ಸೆಕ್ಷನ್ ಓದಿಕೊಳ್ಳಲಿ. ಪೋಷಕರಿಗೆ ಅಥವಾ ಮಾಲೀಕರಿಗೆ 3 ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ. ವಾಹನದ ನೋಂದಣಿ 12 ತಿಂಗಳು ರದ್ದು. ಹುಡುಗನಿಗೆ 25 ತುಂಬುವವರೆಗೆ ಲೈಸೆನ್ಸ್ ಇಲ್ಲ. ಎಲ್‌ಎಲ್‌ಆರ್ ಅಂದರೆ ಕಲಿಯುವವರ ಲೈಸೆನ್ಸಿನ ಅವಧಿ 6 ತಿಂಗಳು, ಪರೀಕ್ಷೆಗೆ ಕನಿಷ್ಠ 30 ದಿನ ಕಾಯಬೇಕು. ಕಾರಿನ ಹಿಂದೆ ಮುಂದೆ ಬಿಳಿ ಹಿನ್ನೆಲೆಯ ಮೇಲೆ ಕೆಂಪು 'ಎಲ್' ಇರಬೇಕು, ಪಕ್ಕದಲ್ಲಿ ಲೈಸೆನ್ಸ್ ಇರುವವರು ಕುಳಿತಿರಬೇಕು. 'ಎಲ್' ಹಾಕಲು ನಾಚುವುದೇಕೋ ತಿಳಿಯದು, ಬಿ.ಎಚ್. ರಸ್ತೆಯಲ್ಲಿ ಹಿಂದಿನ ಬಸ್ಸಿನವನು ಸ್ವಲ್ಪವಾದರೂ ತಾಳ್ಮೆ ತೋರಿಸಿದರೆ ಅದು ಆ ಅಕ್ಷರದ ದೆಸೆಯಿಂದಲೇ.

ಈಗ ಕ್ಲಚ್. ಎಂಜಿನ್ನಿನ ತುದಿಯಲ್ಲಿ ಫ್ಲೈವೀಲ್ ಎಂಬ ಭಾರದ ಚಕ್ರ, ಅದರ ಎದುರಿಗೆ ಗೇರ್‌ಬಾಕ್ಸ್ ಕಡೆಯ ಕ್ಲಚ್ ಪ್ಲೇಟ್. ಪೆಡಲ್ ಬಿಟ್ಟಾಗ ಸ್ಪ್ರಿಂಗ್ ಒತ್ತಡಕ್ಕೆ ಎರಡೂ ಕಚ್ಚಿಕೊಂಡು ಒಟ್ಟಿಗೆ ತಿರುಗುತ್ತವೆ, ಪೂರ್ತಿ ಒತ್ತಿದಾಗ ಬೇರ್ಪಡುತ್ತವೆ. ನಡುವಿನ ಒಂದು ಕಿರಿದಾದ ಹಂತದಲ್ಲಿ ಪ್ಲೇಟು ಉಜ್ಜುತ್ತಾ ಜಾರುತ್ತಾ ತಿರುಗುತ್ತದೆ. ಅದೇ ಹಾಫ್ ಕ್ಲಚ್. ಅಂಗೈಗಳನ್ನು ಒತ್ತಿ ಉಜ್ಜಿದರೆ ಬಿಸಿಯಾಗುತ್ತವಲ್ಲ, ಪ್ಲೇಟಿಗೂ ಹಾಗೆಯೇ. ಆದ್ದರಿಂದ ಅದನ್ನು ಬೇಕಾದಷ್ಟು ಹೊತ್ತು ಮಾತ್ರ ಬಳಸಬೇಕು.

"ಮಾವ, ನಿಧಾನವಾಗಿ ಬಿಟ್ಟರೂ ಏಕೆ ಆಫ್ ಆಗುತ್ತದೆ?" ಎಂದು ಅವಳು ಕೇಳಿದಾಗ ಉತ್ತರವನ್ನು ಲೆಕ್ಕದಲ್ಲೇ ಹೇಳಬೇಕಾಯಿತು. ಸಣ್ಣ ಪೆಟ್ರೋಲ್ ಕಾರಿನ ಎಂಜಿನ್ ಸುಮ್ಮನೆ ಚಾಲೂ ಇರುವಾಗ ನಿಮಿಷಕ್ಕೆ ಸುಮಾರು 800 ಸುತ್ತು ಸುತ್ತುತ್ತದೆ. ಮೊದಲ ಗೇರಿನಲ್ಲಿ ಎಂಜಿನ್ ಹೆಚ್ಚು ಕಡಿಮೆ 14 ಸುತ್ತು ಸುತ್ತಿದರೆ ಚಕ್ರ ಒಂದು ಸುತ್ತು. ಅಂದರೆ ಚಕ್ರಕ್ಕೆ ನಿಮಿಷಕ್ಕೆ 57 ಸುತ್ತು. ಟೈರಿನ ಸುತ್ತಳತೆ 1.8 ಮೀಟರ್ ಎಂದಿಟ್ಟುಕೊಂಡರೆ ವೇಗ ಗಂಟೆಗೆ ಸುಮಾರು 6 ಕಿ.ಮೀ. ನಿಂತ ಕಾರಿನ ವೇಗ ಸೊನ್ನೆ. ಈ ಸೊನ್ನೆಯಿಂದ 6ರವರೆಗೆ ಪ್ಲೇಟು ಜಾರುತ್ತಲೇ ಇರಬೇಕು. ಅದಕ್ಕೂ ಮೊದಲೇ ಕಾಲು ತೆಗೆದರೆ ನಿಂತ ಚಕ್ರ ಎಂಜಿನ್ನನ್ನೂ ನಿಲ್ಲಿಸುತ್ತದೆ. ಐದನೇ ಗೇರಿನಲ್ಲಿ ಇದೇ ಲೆಕ್ಕ ಗಂಟೆಗೆ 27 ಕಿ.ಮೀ. ಆಸುಪಾಸು ಬರುತ್ತದೆ, ಇಪ್ಪತ್ತರ ವೇಗದಲ್ಲಿ ಐದನೇ ಗೇರು ಹಾಕಿದರೆ ಕಾರು ಗುದ್ದಾಡುವುದು ಅದಕ್ಕೇ.

ಹಾಗಾಗಿ ಆರಂಭದ ಪಾಠದಲ್ಲಿ ಆಕ್ಸಿಲರೇಟರ್ ಮುಟ್ಟಿಸಬೇಡಿ. ಸೈಟುಗಳು ಮಾರಾಟವಾಗದೆ ರಸ್ತೆಗಳು ಮಾತ್ರ ಸಿದ್ಧವಾಗಿರುವ ಬಡಾವಣೆ ಊರಾಚೆ ಎಲ್ಲಾದರೂ ಸಿಕ್ಕೇ ಸಿಗುತ್ತದೆ. ಸಮತಟ್ಟಾದ ಕಡೆ ನಿಲ್ಲಿಸಿ, ಹಿಮ್ಮಡಿ ನೆಲಕ್ಕೂರಿ, ಮೊದಲ ಗೇರಿನಲ್ಲಿ ಕ್ಲಚ್ ಅನ್ನು ಮೆಲ್ಲಗೆ ಬಿಡಲಿ. ಎಂಜಿನ್ ಸದ್ದು ಕುಗ್ಗಿ ಕಾರು ಸಣ್ಣಗೆ ನಡುಗಿದ ಕೂಡಲೇ ಕಾಲು ಅಲ್ಲೇ ನಿಲ್ಲಬೇಕು. ಕಾರು ತಾನಾಗಿ ತೆವಳುತ್ತದೆ. ಉರುಳತೊಡಗಿದ ಮೇಲೆ ಉಳಿದದ್ದನ್ನು ಬಿಡಬಹುದು. ಇದನ್ನೇ ಬೇಸರವಾಗುವಷ್ಟು ಮಾಡಿಸಿ. ಹವಾಯಿ ಚಪ್ಪಲಿ ಬೇಡ. ಡ್ರೈವಿಂಗ್ ಸ್ಕೂಲ್ ಕಾರುಗಳಲ್ಲಿ ಕಲಿಸುವವರ ಕಾಲ ಬಳಿಯೂ ಕ್ಲಚ್, ಬ್ರೇಕ್ ಇರುತ್ತವೆ. ಅಪಾಯ ತಪ್ಪಿಸಲು ಅವು ಬೇಕು, ಒಪ್ಪುತ್ತೇನೆ. ಆದರೆ ಕಾರು ಹೊರಟಿದ್ದು ಯಾರ ಕಾಲಿನಿಂದ ಎಂಬುದೇ ಎಷ್ಟೋ ಕಲಿಯುವವರಿಗೆ ಗೊತ್ತಾಗುವುದಿಲ್ಲ. ಆ ಪೆಡಲ್‌ಗಳನ್ನು ಮುಟ್ಟಬೇಡಿ ಎಂದು ಕೇಳಿಕೊಳ್ಳಲು ಸಂಕೋಚ ಬೇಡ.

ನಿಲ್ಲಿಸುವಾಗ ಎಳೆಯರು ಬ್ರೇಕಿನ ಜೊತೆಗೇ ಕ್ಲಚ್ಚನ್ನೂ ತುಳಿಯುತ್ತಾರೆ. ಆಗ ಎಂಜಿನ್ನಿನ ಹಿಡಿತ ತಪ್ಪಿ ಎಲ್ಲ ಭಾರ ಬ್ರೇಕಿನ ಮೇಲೆ ಬೀಳುತ್ತದೆ. ಮೊದಲು ಬ್ರೇಕ್, ವೇಗ ಇಳಿದು ಇನ್ನೇನು ಎಂಜಿನ್ ತಡವರಿಸುತ್ತದೆ ಎನ್ನುವಾಗ ಕ್ಲಚ್. ಸುಗ್ಗಿಯಲ್ಲಿ ಹಳ್ಳಿ ರಸ್ತೆಯ ಮೇಲೆ ಒಕ್ಕಣೆಗೆ ಹರಡಿದ ರಾಗಿ ಎದುರಾದರೆ ಇದು ಇನ್ನೂ ಮುಖ್ಯ, ಏಕೆಂದರೆ ಹುಲ್ಲಿನ ಮೇಲೆ ಟೈರು ಜಾರುತ್ತದೆ. ಮುಂಚೆಯೇ ಎರಡನೇ ಗೇರಿಗೆ ಇಳಿದು ಸಮವೇಗದಲ್ಲಿ ದಾಟಿ. ಅದರ ಮೇಲೆ ಕಾರು ನಿಲ್ಲಿಸಬೇಡಿ. ಬಿಸಿ ಸೈಲೆನ್ಸರಿಗೆ ಒಣಹುಲ್ಲು ತಗುಲಿದರೆ ಬೆಂಕಿ ಹೊತ್ತಿಕೊಳ್ಳಬಹುದು.

ಕೈ ಕುದುರಿದ ಮೇಲೆ ದೇವರಾಯನದುರ್ಗದ ಏರು. ಭಾನುವಾರ ಬೇಡ, ವಾರದ ನಡುವೆ ಬೆಳಿಗ್ಗೆ ಹೋಗಿ. ಏರಿನಲ್ಲಿ ನಿಂತರೆ ಹ್ಯಾಂಡ್‌ಬ್ರೇಕ್ ಎಳೆದು, ಮೊದಲ ಗೇರು ಹಾಕಿ, ಸದ್ದು ಕುಗ್ಗುವವರೆಗೆ ಕ್ಲಚ್ ಬಿಡಿ. ಸ್ವಲ್ಪ ಆಕ್ಸಿಲರೇಟರ್ ಕೊಟ್ಟು, ಮೂತಿ ತುಸು ಎದ್ದಾಗ ಹ್ಯಾಂಡ್‌ಬ್ರೇಕ್ ಇಳಿಸಿದರೆ ಕಾರು ಹಿಂದಕ್ಕೆ ಜಾರುವುದಿಲ್ಲ. ಮುಂದಿನ ಗಾಡಿಗಾಗಿ ಕಾಯುತ್ತಾ ಹಾಫ್ ಕ್ಲಚ್ಚಿನಲ್ಲೇ ಕಾರನ್ನು ಹಿಡಿದು ನಿಲ್ಲಿಸುವವರು ಬಹಳ. ಸುಟ್ಟ ವಾಸನೆ ಬರುವುದು ಅವರ ಪ್ಲೇಟಿನಿಂದಲೇ. ಇಳಿಯುವಾಗ ಪೆಟ್ರೋಲ್ ಉಳಿಸುವ ಆಸೆಗೆ ನ್ಯೂಟ್ರಲ್ ಮಾಡಬೇಡಿ. ಹತ್ತಲು ಬಳಸಿದ ಗೇರಿನಲ್ಲೇ ಇಳಿದರೆ ಎಂಜಿನ್ನೇ ಕಾರನ್ನು ತಡೆದು ಹಿಡಿಯುತ್ತದೆ. ಬ್ರೇಕನ್ನೇ ನಂಬಿದರೆ ಅದು ಕಾದು ಹಿಡಿತ ಕಳೆದುಕೊಳ್ಳುತ್ತದೆ. ಎಂಜಿನ್ ಆಫ್ ಮಾಡಿದರಂತೂ ಬ್ರೇಕ್ ಪೆಡಲ್ ಕೆಲವೇ ಒತ್ತಿಗೆ ಕಲ್ಲಾಗುತ್ತದೆ, ಪವರ್ ಸ್ಟೀರಿಂಗೂ ಬಿಗಿಯಾಗುತ್ತದೆ.

ಕೊನೆಯದು ರಿವರ್ಸ್. ಪರೀಕ್ಷೆಯಲ್ಲಿ ಹಿಂದಕ್ಕೆ ತೆಗೆದು ತೋರಿಸಬೇಕು. ರಿವರ್ಸ್ ಗೇರು ಬಹುಮಟ್ಟಿಗೆ ಮೊದಲ ಗೇರಿನಂತೆಯೇ, ಅದೇ 6 ಕಿ.ಮೀ. ಲೆಕ್ಕ. ಸಮತಟ್ಟಾದ ಕಡೆ ಆಕ್ಸಿಲರೇಟರ್ ಬೇಕಿಲ್ಲ: ಎಡಗಾಲು ಹಾಫ್ ಕ್ಲಚ್ಚಿನಲ್ಲಿ, ಬಲಗಾಲು ಬ್ರೇಕಿನ ಮೇಲೆ ಸಿದ್ಧವಾಗಿ, ಕಣ್ಣು ಎರಡೂ ಕನ್ನಡಿಗಳ ಜೊತೆಗೆ ಹಿಂದಿನ ಗಾಜಿನ ಮೇಲೂ ಇರಲಿ.