ಬೂತಾಯಿ ಕೊಬ್ಬುವುದು ಯಾವಾಗ?

ಮಳೆಗಾಲದ ನಿಷೇಧ ಮುಗಿದು ಬೋಟುಗಳು ಕಡಲಿಗಿಳಿದ ಹೊಸತರಲ್ಲಿ ಪ್ರತಿ ವರ್ಷವೂ ಒಂದು ದೂರು ಬರುತ್ತದೆ: ‘ಈ ಸಲದ ಬೂತಾಯಿಗೆ ರುಚಿಯೇ ಇಲ್ಲ ಮಾರಾಯ್ರೆ.’ ದೂರು ಸುಳ್ಳಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೂತಾಯಿ (ಆಯಿಲ್ ಸಾರ್ಡೀನ್ ಎಂಬ ಮೀನು) ಮೊಟ್ಟೆಯಿಡುವ ಕಾಲ. ಮೈಯಲ್ಲಿ ಕೂಡಿಟ್ಟ ಕೊಬ್ಬೆಲ್ಲ ಅದಕ್ಕೇ ಕರಗಿರುತ್ತದೆ. ಡಿಸೆಂಬರ್ ಹೊತ್ತಿಗೆ ಹೊಟ್ಟೆ ಸೀಳಿ ನೋಡಿ. ಕರುಳಿನ ಸುತ್ತ ಬಿಳಿ ಕೊಬ್ಬು ಮೆತ್ತಿಕೊಂಡಿರುತ್ತದೆ, ಬೆರಳಿಗೆ ಎಣ್ಣೆ ಅಂಟುತ್ತದೆ. ಪುಳಿಮುಂಚಿಯ (ಹುಳಿ-ಖಾರದ ಮೀನುಸಾರಿನ) ಆಸೆಯನ್ನು ಅಲ್ಲಿಯವರೆಗೆ ತಡೆದುಕೊಳ್ಳುವುದು ಜಾಣತನ.

ಈ ಕೊಬ್ಬಿನ ಮೂಲ ಮಳೆಗಾಲದ ಕಡಲೇ. ಮುಂಗಾರಿನ ಗಾಳಿ ಮೇಲ್ಪದರದ ನೀರನ್ನು ದಡದಿಂದ ಆಚೆ ಒಯ್ದಾಗ, ಆಳದ ತಣ್ಣನೆಯ, ಪೋಷಕಾಂಶ ತುಂಬಿದ ನೀರು ಮೇಲೇರುತ್ತದೆ. ಬಿಸಿಲು ತಾಗಿದ ಕೂಡಲೇ ಡಯಾಟಮ್ ಎಂಬ ಸೂಕ್ಷ್ಮ ಪಾಚಿ ವಿಪರೀತವಾಗಿ ಬೆಳೆಯುತ್ತದೆ. ಬೂತಾಯಿಯ ಕಿವಿರಿನ ಮುಚ್ಚಳ ಎತ್ತಿದರೆ ಬಾಚಣಿಗೆಯ ಹಲ್ಲುಗಳಂಥ ನವಿರಾದ ಎಳೆಗಳು ಕಾಣುತ್ತವೆ. ಕಿವಿರಿನ ಒಂದು ಕಮಾನಿನ ಕೆಳಭಾಗವೊಂದರಲ್ಲೇ ಇಂಥ ಎಳೆಗಳು 150ಕ್ಕೂ ಹೆಚ್ಚು. ಹಿಂಡುಹಿಂಡಾಗಿ ಈಜುತ್ತ, ನೀರು ಸೋಸಿ, ಪಾಚಿಯನ್ನೇ ನೇರವಾಗಿ ಉಣ್ಣುತ್ತದೆ. ಬಂಗುಡೆಗೂ ಇಷ್ಟು ನವಿರಾದ ಜರಡಿಯಿಲ್ಲ.

ಆಯುಸ್ಸು ಮಾತ್ರ ಎರಡೂವರೆ ವರ್ಷದಷ್ಟು. ಹಾಗಾಗಿ ಹಳೆಯ ಮೀನಿನ ದಾಸ್ತಾನು ಎಂಬುದಿಲ್ಲ. ಒಂದು ವರ್ಷ ಮರಿ ಉಳಿಯದಿದ್ದರೆ ಮರುವರ್ಷ ಬಲೆ ಬರಿದು. ಕೇರಳದಲ್ಲಿ 2012ರಲ್ಲಿ ಸುಮಾರು 3.9 ಲಕ್ಷ ಟನ್ ಸಿಕ್ಕಿದ್ದ ಮೀನು 2021ರಲ್ಲಿ 3,297 ಟನ್ನಿಗೆ ಕುಸಿಯಿತು. ಪರ್ಸೀನ್ (ಮೀನಿನ ಹಿಂಡನ್ನೇ ಸುತ್ತುವರಿದು ಹಿಡಿಯುವ ದೊಡ್ಡ ಬಲೆ) ಬೋಟಿನವರು ಕಡಲನ್ನು ದೂರುತ್ತಾರೆ, ನಾಡದೋಣಿಯವರು ಪರ್ಸೀನನ್ನು. ನನ್ನ ಮಟ್ಟಿಗೆ ಇಬ್ಬರದೂ ಅರ್ಧ ಸತ್ಯ.

ಹಿಂದೆ ಇದರ ಎಣ್ಣೆಯನ್ನು ಮರದ ದೋಣಿಗೆ ಬಳಿಯುತ್ತಿದ್ದರು, ಹಿಂಡಿ ಉಳಿದದ್ದು ತೆಂಗಿನ ಬುಡಕ್ಕೆ ಗೊಬ್ಬರವಾಗುತ್ತಿತ್ತು. ಈಗ ಒಮೆಗಾ-3 ಮಾತ್ರೆ, ಸಿಗಡಿ ಮೇವು. ಮೇವಿಗೆ ಬೇಕಾದ ಒಂದು ಕಿಲೋ ಮೀನುಹಿಟ್ಟಿಗೆ ನಾಲ್ಕೈದು ಕಿಲೋ ಹಸಿಮೀನು ಬೇಕು, ಮತ್ತು ಹಿಟ್ಟಾಗುವ ಮೀನಿಗೆ ಗಾತ್ರದ ಹಂಗಿಲ್ಲ. ಮರಿಗಳು ಲಾರಿಗಟ್ಟಲೆ ಹೋಗುವುದು ಇದರಿಂದಲೇ. ಕೇರಳ 10 ಸೆಂ.ಮೀ.ಗಿಂತ ಚಿಕ್ಕ ಬೂತಾಯಿ ಹಿಡಿಯುವುದನ್ನು 2015ರಲ್ಲೇ ನಿಷೇಧಿಸಿತು. ಬೋಟಿನ ಮಾಲೀಕರಿಗೆ ನಾನು ಪರಿಸರದ ಪಾಠ ಹೇಳಲು ಹೋಗುವುದಿಲ್ಲ, ತಕ್ಕಡಿಯ ಲೆಕ್ಕವನ್ನೇ ಹೇಳುತ್ತೇನೆ: 10 ಸೆಂ.ಮೀ. ಮರಿ 15 ಸೆಂ.ಮೀ. ಆಗುವಷ್ಟರಲ್ಲಿ ತೂಕ ಮೂರು ಪಟ್ಟಿಗೂ ಮೀರುತ್ತದೆ, ಮೊಟ್ಟೆಯಿಡುವ ಪ್ರಾಯಕ್ಕೂ ಬರುತ್ತದೆ, ಹಿಟ್ಟಿನ ದರಕ್ಕಲ್ಲದೆ ಊಟದ ಮೀನಿನ ದರಕ್ಕೆ ಹರಾಜಾಗುತ್ತದೆ.